ಎಲ್ಮರ್ ಗ್ಯಾಂಟ್ರಿ: ಬೋಧಕನ ಪಾತ್ರ ರೂಪುಗೊಂಡ ಬಗೆ

ರಿಚರ್ಡ್ ಬ್ರೂಕ್ಸ್ ನಿರ್ದೇಶಿಸಿದ ‘ಎಲ್ಮರ್ ಗ್ಯಾಂಟ್ರಿ’ (1960) ಅಮೆರಿಕದ ಸುವಾರ್ತಾ ಬೋಧಕನೊಬ್ಬನ ಕಥೆ. ಸಿಂಕ್ಲೇರ್ ಲೂಯಿಸ್ 1927ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿ ಅದಕ್ಕೆ ಆಧಾರ. ಕಾದಂಬರಿಗೆ ಆಧಾರ ಅಂದಿನ ಉಜ್ಜೀವನ ಕೂಟಗಳು, ಅಂದರೆ ಜನರ ಭಕ್ತಿಯನ್ನು ಮತ್ತೆ ಚಿಗುರಿಸಲು ನಡೆಯುತ್ತಿದ್ದ ಪ್ರಸಂಗ ಸಭೆಗಳು.

ಬೇಸ್‌ಬಾಲ್ ಬಿಟ್ಟು ಬೋಧಕರಾದ ಬಿಲ್ಲಿ ಸಂಡೇ ಅವರ ಕೂಟಗಳಿಗಾಗಿ ಊರೂರುಗಳಲ್ಲಿ ಮರದ ತಾತ್ಕಾಲಿಕ ಸಭಾಂಗಣಗಳು ಏಳುತ್ತಿದ್ದವು. ಕಾಲ್ಸಪ್ಪಳ ಕೇಳಿಸದಂತೆ ನೆಲದ ಮೇಲೆ ಮರದ ಹೊಟ್ಟು ಹರಡುತ್ತಿದ್ದರು. ಪ್ರಸಂಗ ಮುಗಿದಾಗ ಮನ ಕರಗಿದವರು ಆ ಹೊಟ್ಟನ್ನು ತುಳಿದು ಮುಂದೆ ಬಂದು ಬೋಧಕರ ಕೈ ಕುಲುಕುತ್ತಿದ್ದರು. 1923ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಏಂಜಲಸ್ ಟೆಂಪಲ್ ತೆರೆದ ಏಮಿ ಸೆಂಪಲ್ ಮ್ಯಾಕ್‌ಫರ್ಸನ್ ಪ್ರಸಂಗಕ್ಕೆ ವೇಷಭೂಷಣ, ರಂಗಸಜ್ಜಿಕೆಗಳನ್ನು ತಂದರು, ರೇಡಿಯೋವನ್ನೂ ಬಳಸಿದರು. ಕಾದಂಬರಿಯ ಬೋಧಕಿ ಶರೋನ್ ಫಾಲ್ಕನರ್‌ಗೆ ಅವರೇ ಮಾದರಿ ಎಂಬುದು ರೂಢಿಯ ಮಾತು. ಆದರೆ ಶರೋನ್ ಸಭಾಂಗಣದ ಬೆಂಕಿಗೆ ಬಲಿಯಾಗುತ್ತಾಳೆ. ಮ್ಯಾಕ್‌ಫರ್ಸನ್ 1944ರವರೆಗೆ ಬದುಕಿದ್ದರು. ಆದ್ದರಿಂದ ಹೋಲಿಕೆಯನ್ನು ಜೀವನಚರಿತ್ರೆಯೆಂದು ಓದಲಾಗದು.

ಲೂಯಿಸ್ ಮಾಹಿತಿಗಾಗಿ 1926ರಲ್ಲಿ ಕನ್ಸಾಸ್ ಸಿಟಿಯಲ್ಲಿ ನೆಲೆಸಿ ಪಾದ್ರಿಗಳನ್ನು ಕೂಡಿಸಿ ಚರ್ಚಿಸಿದರು. ತಾವೇ ಚರ್ಚ್‌ಗಳ ವೇದಿಕೆ ಏರಿ ಮಾತನಾಡಿದರು. ಪುಸ್ತಕ ಹೊರಬಂದಾಗ ಬಾಸ್ಟನ್ ನಗರದಲ್ಲಿ ಅದಕ್ಕೆ ನಿಷೇಧ ಬಿತ್ತು.

ಚಿತ್ರ ಬಳಸಿಕೊಂಡದ್ದು ಕಾದಂಬರಿಯ ಒಂದು ಭಾಗವನ್ನಷ್ಟೇ. ಪಾದ್ರಿಗಳನ್ನು ಖಳರನ್ನಾಗಿಯೋ ನಗೆಪಾಟಲಾಗಿಯೋ ತೋರಿಸಕೂಡದೆಂದು ಹಾಲಿವುಡ್‌ನ 1930ರ ನಿರ್ಮಾಣ ಸಂಹಿತೆ ವಿಧಿಸಿತ್ತು. ಲೂಯಿಸ್‌ರ ಗ್ಯಾಂಟ್ರಿ ದೀಕ್ಷೆ ಪಡೆದ ಪಾದ್ರಿ. ಬ್ರೂಕ್ಸ್‌ರ ಗ್ಯಾಂಟ್ರಿ ಹಾಗಾಗಿ ದೀಕ್ಷೆಯಿಲ್ಲದ ಊರಲೆಯುವ ಮಾರಾಟಗಾರ. ಈ ಬದಲಾವಣೆಯಿಂದ ಟೀಕೆಯ ಗುರಿ ಚರ್ಚಿನ ಅಧಿಕಾರದಿಂದ ಸರಿದು ಮಾತಿನ ಮೋಡಿ ಮತ್ತು ಕೂಟದ ವ್ಯವಹಾರದತ್ತ ತಿರುಗಿತು. ಕಾದಂಬರಿಯಲ್ಲಿ ಗ್ಯಾಂಟ್ರಿಯ ಸಹಪಾಠಿಯಾಗಿದ್ದ ಜಿಮ್ ಲೆಫರ್ಟ್ಸ್ ಚಿತ್ರದಲ್ಲಿ ಪತ್ರಕರ್ತನಾದ. ಹೀಗೆ ಸಂದೇಹಕ್ಕೂ ಕಥೆಯೊಳಗೇ ಒಂದು ದನಿ ದೊರೆಯಿತು.

ಕಾದಂಬರಿ ಮತ್ತು ಚಿತ್ರದ ಅರ್ಥವನ್ನು ಬೇರ್ಪಡಿಸುವುದು ಮುಕ್ತಾಯ. ಕಾದಂಬರಿಯ ಗ್ಯಾಂಟ್ರಿ ಹಗರಣವೊಂದರಿಂದ ಪಾರಾಗಿ ದೊಡ್ಡ ಚರ್ಚ್‌ನಲ್ಲಿ ಮೆರೆಯುತ್ತಾನೆ. ಕಪಟಕ್ಕೆ ಸಮಾಜವೇ ಮಣೆ ಹಾಕುತ್ತದೆಂಬುದು ಲೂಯಿಸ್‌ರ ಆರೋಪ. ಚಿತ್ರದ ಗ್ಯಾಂಟ್ರಿ, ಶರೋನ್ ಸತ್ತ ಬಳಿಕ ಅವಳ ಕೂಟವನ್ನು ಮುಂದುವರಿಸಲು ಒಪ್ಪದೆ ಹೊರಟುಹೋಗುತ್ತಾನೆ. ಅಲ್ಲಿ ಪಶ್ಚಾತ್ತಾಪಕ್ಕೆ ಎಡೆಯಿದೆ. ಗ್ಯಾಂಟ್ರಿಯಾಗಿ ಬರ್ಟ್ ಲ್ಯಾಂಕಾಸ್ಟರ್, ಪೋಷಕ ಪಾತ್ರಕ್ಕೆ ಶರ್ಲಿ ಜೋನ್ಸ್, ಚಿತ್ರಕಥೆಗೆ ಬ್ರೂಕ್ಸ್ ಆಸ್ಕರ್ ಪಡೆದರು. ಚಿತ್ರದಿಂದ 1920ರ ದಶಕದ ಬೋಧಕರ ಬಗ್ಗೆ ತಿಳಿಯುವಷ್ಟೇ, ಅವರ ಕುರಿತು 1960ರ ಹಾಲಿವುಡ್ ಎಷ್ಟು ಹೇಳಬಹುದಿತ್ತು ಎಂಬುದೂ ತಿಳಿಯುತ್ತದೆ.