ಮನೆಬಾಗಿಲ ಅಂಚೆ, ಊರನಡುವಿನ ಕಟ್ಟೆ

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ, ಅದುವರೆಗೆ ಕಟ್ಟೆಯ ಮಾತಾಗಿದ್ದ ಸುದ್ದಿ ಕನ್ನಡ ಪತ್ರಿಕೆಯಾಗಿ ಓದುಗನ ಕೈ ಸೇರಿತು. ಸುದ್ದಿ ಓದುಗನಲ್ಲಿಗೆ ಬರಬೇಕೆ, ಓದುಗನೇ ಸುದ್ದಿಯಿದ್ದಲ್ಲಿಗೆ ಹೋಗಬೇಕೆ ಎಂಬ ಪ್ರಶ್ನೆ ಗಣಕಯುಗದಲ್ಲಿ ಮತ್ತೆ ಎದುರಾಯಿತು.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಯೂಸ್‌ನೆಟ್ಟಿನ ಸುದ್ದಿಗುಂಪುಗಳು ಊರಕಟ್ಟೆಯನ್ನು ಹೋಲುತ್ತವೆ. ಬರಹ ಸರ್ವರಿನಿಂದ ಸರ್ವರಿಗೆ ಹರಿಯುತ್ತಿತ್ತು. ಒಂದು ಸಂಸ್ಥೆಯ ಓದುಗರಿಗೆಲ್ಲ ಒಂದೇ ಪ್ರತಿ ಸಾಕಾಗುತ್ತಿತ್ತು. ಆದರೆ ಜಾಗ ಸಾಲದೆ ಸರ್ವರುಗಳು ಹಳೆಯ ಬರಹಗಳನ್ನು ಅಳಿಸುತ್ತಿದ್ದವು. ಮೇಲಿಂಗ್ ಲಿಸ್ಟ್, ಅಂದರೆ ಅಂಚೆಪಟ್ಟಿ, ಪ್ರತಿ ಸದಸ್ಯನಿಗೂ ಪ್ರತ್ಯೇಕ ಪ್ರತಿಯನ್ನು ಕಳುಹಿಸುತ್ತಿತ್ತು. ಅದಕ್ಕೊಬ್ಬ ನಿರ್ವಾಹಕ ಬೇಕು. ಓದುಗನಿಗಾದರೋ ಇ-ಮೇಲ್ ವಿಳಾಸವೊಂದಿದ್ದರೆ ಸಾಕು.

ಭಾರತದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ದೂರವಾಣಿಯ ಮೂಲಕ ನಿಮಿಷ ಎಣಿಸಿ ಸಂಪರ್ಕ ಪಡೆಯುತ್ತಿದ್ದವರಿಗೆ, ಅಂಚೆಯನ್ನು ಇಳಿಸಿಕೊಂಡು ಸಂಪರ್ಕ ಕಡಿದ ಮೇಲೆ ಓದುವುದು ಅಗ್ಗವಾಗಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಅಂಚೆಪಟ್ಟಿಯೇ ಒದಗಿಬಂದಿತು.

ಈ ಆಯ್ಕೆ ಬರಿಯ ಅನುಕೂಲದ ಮಾತಲ್ಲ. ಯೂಸ್‌ನೆಟ್ ಬರಹಗಳ ಡೇಜಾನ್ಯೂಸ್ ಸಂಗ್ರಹವನ್ನು ಗೂಗಲ್ 2001ರಲ್ಲಿ ಕೊಂಡಿತು. 2024ರ ಫೆಬ್ರವರಿಯಲ್ಲಿ ಹೊಸ ಬರಹಗಳನ್ನು ಸೇರಿಸುವುದನ್ನು ನಿಲ್ಲಿಸಿತು. ಕಟ್ಟೆ ಎಲ್ಲರದಾದರೂ ಅದರ ನೆನಪಿನ ಕೀಲಿಕೈ ಒಬ್ಬರ ಬಳಿ ಉಳಿಯಿತು. ಗ್ರಂಥಸಂಪಾದಕನಿಗೆ ಈ ಅಪಾಯ ಹೊಸದಲ್ಲ: ಒಂದೇ ಓಲೆಪ್ರತಿಯಿರುವ ಕೃತಿಯ ಆಯುಷ್ಯ ಆ ಓಲೆಯಷ್ಟೇ. ಹಲವರ ಪೆಟ್ಟಿಗೆಗಳಲ್ಲಿ ಹಂಚಿಹೋದ ಚರ್ಚೆಗಾದರೋ ಪ್ರತ್ಯಂತರಗಳ ಬಲವಿದೆ. ಕನ್ನಡ ಗಣಕದ ಚರಿತ್ರೆ ಬರೆಯುವವರು ಮೊದಲು ತಡಕಬೇಕಾದದ್ದು ಆ ಹಳೆಯ ಅಂಚೆಪೆಟ್ಟಿಗೆಗಳನ್ನು.