ಬೀಜದ ಹೋರಿಗಳ ಆಯ್ಕೆ ಮತ್ತು ಶ್ರೇಣೀಕರಣ: ಪಶುಪಾಲಕರ ಮಾಹಿತಿಗಾಗಿ

ಬೆದೆಗೆ ಬಂದ ಹಸುವಿಗೆ ಇಂದು ಕೃತಕ ಗರ್ಭಧಾರಣೆ ಮಾಡಿಸಿದಲ್ಲಿ ಸುಮಾರು 280 ದಿನಗಳ ನಂತರ ಕರು ಜನಿಸುತ್ತದೆ. ಆ ಕರು ಹೆಣ್ಣಾಗಿದ್ದರೆ, ಅದು ಬೆಳೆದು, ತಾನೂ ಕರು ಹಾಕಿ ಹಾಲು ನೀಡಲು ಇನ್ನೂ ಎರಡೂವರೆಯಿಂದ ಮೂರು ವರ್ಷಗಳು ಬೇಕಾಗುತ್ತವೆ. ಆಯ್ಕೆ ಮಾಡಿದ ಹೋರಿ ಉತ್ತಮವಾಗಿತ್ತೇ ಇಲ್ಲವೇ ಎಂಬುದು ಪಶುಪಾಲಕರಿಗೆ ತಿಳಿಯುವುದು ಆಗಲೇ. ಅಷ್ಟರಲ್ಲಿ ಮೇವು, ಹಿಂಡಿ, ಚಿಕಿತ್ಸೆಗಳ ವೆಚ್ಚವೆಲ್ಲ ಆಗಿ ಹೋಗಿರುತ್ತದೆ. ಚೆಟ್ಟಳ್ಳಿಯಂತಹ ಕಾಫಿ ಪ್ರದೇಶದಲ್ಲಿ ತೋಟದ ಜೊತೆಗೆ ಒಂದೆರಡು ಹಸುಗಳನ್ನು ಸಾಕುವ ಕುಟುಂಬಕ್ಕೆ ಇದು ಚಿಕ್ಕ ನಷ್ಟವಲ್ಲ. ಆದುದರಿಂದ ಹೋರಿಗೆ ನೀಡಲಾದ ಶ್ರೇಣಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಅದರ ಬಗ್ಗೆ ಯಾವ ಮಾಹಿತಿಯನ್ನು ಕೇಳಬಹುದು ಎಂಬುದನ್ನು ಸೇವೆ ಪಡೆಯುವ ಮೊದಲೇ ತಿಳಿದಿರುವುದು ಅವಶ್ಯಕ.

‘ಎ’ ಶ್ರೇಣಿ ಎಂದರೇನು?

‘ಎ’ ಶ್ರೇಣಿಯ ವೀರ್ಯ ಎಂದರೆ ಅತ್ಯುತ್ತಮ ಹೋರಿಯ ವೀರ್ಯ ಎಂಬ ತಿಳಿವಳಿಕೆ ಪಶುಪಾಲಕರಲ್ಲಿ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಭಾರತ ಸರ್ಕಾರವು ಘನೀಕೃತ ವೀರ್ಯ ಉತ್ಪಾದನೆಗೆ ಕನಿಷ್ಠ ಗುಣಮಟ್ಟದ ನಿಯಮಾವಳಿಯನ್ನು 2004ರಲ್ಲಿ ಜಾರಿಗೆ ತಂದು, ವೀರ್ಯ ಉತ್ಪಾದನಾ ಕೇಂದ್ರಗಳನ್ನು ಪರಿಶೀಲಿಸಲು ಕೇಂದ್ರೀಯ ಮೇಲ್ವಿಚಾರಣಾ ಘಟಕವನ್ನು ರಚಿಸಿತು. ಈ ಘಟಕದ ತಜ್ಞರು ಎರಡು ವರ್ಷಗಳಿಗೊಮ್ಮೆ ಕೇಂದ್ರಗಳಿಗೆ ಭೇಟಿ ನೀಡಿ ಕಟ್ಟಡ, ಸ್ವಚ್ಛತೆ, ರೋಗ ನಿಯಂತ್ರಣ, ಮೇವಿನ ವ್ಯವಸ್ಥೆ, ಪ್ರಯೋಗಾಲಯ ಮತ್ತು ದಾಖಲೆಗಳನ್ನು ಪರಿಶೀಲಿಸಿ ಶ್ರೇಣಿ ನೀಡುತ್ತಾರೆ. ಅಂದರೆ ಆ ಶ್ರೇಣಿಯು ಕೇಂದ್ರಕ್ಕೆ ಸೇರಿದ್ದು. ಅಲ್ಲಿ ಕಟ್ಟಿರುವ ಒಂದೊಂದು ಹೋರಿಗೆ ಸೇರಿದ್ದಲ್ಲ.

ಕಾಫಿ ಬೆಳೆಗಾರರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಕಷ್ಟವಲ್ಲ. ಪ್ಲಾಂಟೇಶನ್ ‘ಎ’ ಕಾಫಿ ಎಂಬುದು ಮುಖ್ಯವಾಗಿ 6.65 ಮಿ.ಮೀ. ಜರಡಿಯ ಮೇಲೆ ನಿಲ್ಲುವ ಬೀಜದ ಗಾತ್ರವನ್ನು ಸೂಚಿಸುತ್ತದೆ. ಬಟ್ಟಲಿನಲ್ಲಿ ಅದರ ರುಚಿ ಹೇಗಿದೆ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ. ಅದೇ ರೀತಿ ‘ಎ’ ಶ್ರೇಣಿಯ ಕೇಂದ್ರದಿಂದ ಬಂದ ವೀರ್ಯ ನಳಿಕೆಯು ಶುದ್ಧವಾಗಿದೆ, ರೋಗಮುಕ್ತವಾಗಿದೆ, ಗರ್ಭ ಕಟ್ಟಿಸಲು ಯೋಗ್ಯವಾಗಿದೆ ಎಂದು ನಂಬಬಹುದು. ಹುಟ್ಟುವ ಕರು ಎಷ್ಟು ಹಾಲು ನೀಡೀತು ಎಂಬುದಕ್ಕೆ ಆ ಅಕ್ಷರದಲ್ಲಿ ಉತ್ತರವಿಲ್ಲ.

ಹೋರಿಯ ಅರ್ಹತೆಯನ್ನು ನಿರ್ಧರಿಸುವ ಬಗೆ

ಹೋರಿಯನ್ನು ಕೇಂದ್ರಕ್ಕೆ ಸೇರಿಸಿಕೊಳ್ಳುವ ಮುನ್ನ ಕನಿಷ್ಠ 60 ದಿನಗಳ ಕಾಲ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಈ ಅವಧಿಯಲ್ಲಿ ಕ್ಷಯ, ಜೋನ್ಸ್ ರೋಗ, ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ಹಾಗೂ ಸಂಭೋಗದ ಮೂಲಕ ಹರಡುವ ಇತರ ರೋಗಗಳಿಗೆ ಪರೀಕ್ಷೆ ನಡೆಯುತ್ತದೆ. ವರ್ಣತಂತುಗಳಲ್ಲಿ ದೋಷವಿದೆಯೇ ಎಂಬುದನ್ನೂ ನೋಡಲಾಗುತ್ತದೆ. ವೀರ್ಯವನ್ನು ಘನೀಕರಿಸಿ, ಪುನಃ ಕರಗಿಸಿದಾಗ ಕನಿಷ್ಠ ಶೇಕಡ 50ರಷ್ಟು ವೀರ್ಯಾಣುಗಳು ಚಲನಶೀಲವಾಗಿರತಕ್ಕದ್ದು. ಒಂದು ನಳಿಕೆಯಲ್ಲಿ 2 ಕೋಟಿ ವೀರ್ಯಾಣುಗಳಿರತಕ್ಕದ್ದು. ಇವುಗಳಲ್ಲಿ ವಿವಾದಕ್ಕೆ ಅವಕಾಶ ಕಡಿಮೆ. ಪ್ರಯೋಗಾಲಯದ ಫಲಿತಾಂಶವು ಯಾರು ಓದಿದರೂ ಒಂದೇ ಆಗಿರುತ್ತದೆ.

ವಿವಾದ ಉಂಟಾಗುವುದು ಹಾಲಿನ ಗುಣದ ವಿಷಯದಲ್ಲಿ. ಹೋರಿ ಹಾಲು ಕೊಡುವುದಿಲ್ಲವಾದ್ದರಿಂದ ಅದರ ಯೋಗ್ಯತೆಯನ್ನು ಬಂಧುಗಳಿಂದ ಅಂದಾಜು ಮಾಡಬೇಕಾಗುತ್ತದೆ. ಮೊದಲನೆಯ ಆಧಾರ ತಾಯಿಯ ಇಳುವರಿ. ಇದು ಸುಲಭವಾದ ಆಧಾರ, ಆದರೆ ದುರ್ಬಲವಾದದ್ದು. ಹಸುಗಳ ನಡುವೆ ಹಾಲಿನ ಇಳುವರಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ ಮಾತ್ರ ವಂಶಗುಣಕ್ಕೆ ಸಂಬಂಧಿಸಿದ್ದು. ಉಳಿದದ್ದು ಮೇವು, ಹವೆ ಮತ್ತು ಆರೈಕೆಗೆ ಸಂಬಂಧಿಸಿದ್ದು. ತಾಯಿಯ ಇಳುವರಿಯನ್ನು ಅಳೆದವರು ಯಾರು ಎಂಬ ಪ್ರಶ್ನೆಯೂ ಇದೆ. ಒಡೆಯರು ಬಾಯಿಮಾತಿನಲ್ಲಿ ಹೇಳಿದ ಲೀಟರುಗಳಿಗೂ, ಸಂಬಂಧವಿಲ್ಲದ ಮಾಪಕರು ಗೊತ್ತುಪಡಿಸಿದ ದಿನಗಳಂದು ಕೊಟ್ಟಿಗೆಗೆ ಬಂದು ಅಳೆದು 305 ದಿನಗಳ ಸೂಲಿಗೆ ಲೆಕ್ಕ ಹಾಕಿದ ಇಳುವರಿಗೂ ಅಜಗಜಾಂತರವಿದೆ. ಹೋರಿಯ ವಿವರ ನೋಡುವವರು ಮೊದಲು ಗಮನಿಸಬೇಕಾದದ್ದು ಇಳುವರಿಯ ಅಂಕಿಯನ್ನಲ್ಲ, ಅದರ ಮೂಲವನ್ನು.

ಎರಡನೆಯ ಆಧಾರ ಸಂತತಿ ಪರೀಕ್ಷೆ. ಹೋರಿಗೆ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಹೆಣ್ಣು ಸಂತತಿಯ ಹಾಲನ್ನು ಅಳೆದು, ಅದೇ ಕಾಲದಲ್ಲಿ ಅದೇ ಪ್ರದೇಶದಲ್ಲಿ ಕರು ಹಾಕಿದ ಇತರ ಹಸುಗಳೊಡನೆ ಹೋಲಿಸಲಾಗುತ್ತದೆ. ಇದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಆದರೂ ಇದರಷ್ಟು ನಂಬಲರ್ಹವಾದ ಕ್ರಮ ಇನ್ನೊಂದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಳೆಯ ಕರುವಿನ ಡಿಎನ್‌ಎ ಪರೀಕ್ಷೆಯಿಂದಲೇ ಅಂದಾಜು ಮಾಡುವ ವಿಧಾನವೂ ಬಳಕೆಗೆ ಬಂದಿದೆ. ಅದು ಕೂಡ, ಮೊದಲೇ ಸರಿಯಾಗಿ ಅಳೆದಿಟ್ಟ ಸಾವಿರಾರು ಹಸುಗಳ ದಾಖಲೆಯಿದ್ದರೆ ಮಾತ್ರ ಫಲಕಾರಿ. ತಳಿ ಅಂದಾಜಿನ ಜೊತೆಗೆ ಅದರ ನಿಖರತೆಯನ್ನು ಶೇಕಡವಾರಿನಲ್ಲಿ ನೀಡುವುದು ವಾಡಿಕೆ. ನಿಖರತೆಯನ್ನು ತಿಳಿಸದ ಅಂದಾಜನ್ನು ಪೂರ್ಣ ಮಾಹಿತಿಯೆಂದು ಪರಿಗಣಿಸಲಾಗದು.

ಕುದುರೆಗಳ ವಿಷಯದಲ್ಲಿ ಅನುಸರಿಸುವ ಕ್ರಮ

ಯುರೋಪಿನ ಕ್ರೀಡಾ ಕುದುರೆಗಳ ತಳಿ ಸಂಘಗಳಲ್ಲಿ ಗಂಡು ಕುದುರೆಯನ್ನು ತಳಿಗೆ ಬಿಡುವ ಮೊದಲು ತೀರ್ಪುಗಾರರ ಮುಂದೆ ನಿಲ್ಲಿಸಿ ಮೈಕಟ್ಟು, ನಡಿಗೆ ಮತ್ತು ಜಿಗಿತಕ್ಕಾಗಿ ಪರೀಕ್ಷಿಸುವ ಪದ್ಧತಿಯಿದೆ. ಜರ್ಮನಿಯಲ್ಲಿ ಸುಮಾರು ಎರಡೂವರೆ ವರ್ಷದ ಕುದುರೆಗಳಿಗೆ ಈ ಪರೀಕ್ಷೆ ನಡೆಯುತ್ತದೆ. ಮುಂದೆ ಸವಾರಿಯ ಸಾಮರ್ಥ್ಯವನ್ನೂ ಪರೀಕ್ಷಿಸಲಾಗುತ್ತದೆ. ಕಣ್ಣಳತೆಯ ತೀರ್ಪಾದ್ದರಿಂದ ಪಕ್ಷಪಾತದ ದೂರುಗಳು ಅಲ್ಲಿಯೂ ಬರುತ್ತವೆ. ಅದಕ್ಕೆ ಪರಿಹಾರವಾಗಿ ನೆದರ್ಲೆಂಡ್ಸ್‌ನ ತಳಿ ಸಂಘವು ತೀರ್ಪುಗಾರರ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಕೀಲುಗಳ ಕ್ಷ-ಕಿರಣ ಚಿತ್ರ ಮತ್ತು ವೀರ್ಯದ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಒಮ್ಮೆ ಒಪ್ಪಿದ ಕುದುರೆಯ ಮರಿಗಳನ್ನು ನಂತರವೂ ಪರಿಶೀಲಿಸುತ್ತದೆ.

ಕರ್ನಾಟಕದಲ್ಲಿ ಕುದುರೆ ಸಂವರ್ಧನೆಗೆ ಹೆಸರಾದ ಕುಣಿಗಲ್‌ನಲ್ಲಿ ಬೆಳೆದದ್ದು ಪಂದ್ಯದ ಥರೋಬ್ರೆಡ್ ತಳಿ. ಈ ತಳಿಯಲ್ಲಿ ಗಂಡು ಕುದುರೆಗೆ ಶ್ರೇಣಿ ನೀಡುವ ಪದ್ಧತಿಯಿಲ್ಲ. ತಂದೆ ತಾಯಿಯರ ಗುರುತನ್ನು ಡಿಎನ್‌ಎ ಮೂಲಕ ದೃಢಪಡಿಸಿ ವಂಶಾವಳಿ ಪುಸ್ತಕದಲ್ಲಿ ನೋಂದಾಯಿಸಲಾಗುತ್ತದೆ. ಯೋಗ್ಯತೆಯನ್ನು ಪಂದ್ಯದ ಫಲಿತಾಂಶವೇ ಹೇಳುತ್ತದೆ. ಹಸುವಿನ ಒಡೆಯರಿಗೆ ಅಂತಹ ಪಂದ್ಯವಿಲ್ಲ. ಅವರು ದಾಖಲೆಯನ್ನೇ ಅವಲಂಬಿಸಬೇಕಾಗಿದೆ.

ಪ್ರದರ್ಶನದ ಬಹುಮಾನ ಮತ್ತು ಊರ ಹೋರಿ

ಜಾತ್ರೆ ಮತ್ತು ಜಾನುವಾರು ಪ್ರದರ್ಶನಗಳಲ್ಲಿ ನೀಡುವ ಬಹುಮಾನವು ಆ ದಿನದ ಮೈಕಟ್ಟು, ಬಣ್ಣ, ಕೊಂಬು ಮತ್ತು ನಡಿಗೆಗೆ ಸಂದದ್ದು. ಹಳ್ಳಿಕಾರ್‌ನಂತಹ ಉಳುಮೆಯ ತಳಿಗೆ ಇದು ಬಹುಮಟ್ಟಿಗೆ ಅರ್ಥಪೂರ್ಣವೇ ಆಗಿದೆ. ಆದರೆ ಹಾಲಿನ ತಳಿಯ ಹೋರಿಯ ಕೊರಳಿನ ಪದಕವನ್ನು ಅದರ ಸಂತತಿಯ ಇಳುವರಿಗೆ ಸಾಕ್ಷಿಯೆಂದು ತಿಳಿಯಬಾರದು. ತೀರ್ಪುಗಾರರು ತಮ್ಮ ಅಥವಾ ತಮ್ಮ ಬಂಧುಗಳ ಜಾನುವಾರು ಇರುವ ವಿಭಾಗದಲ್ಲಿ ಅಂಕ ನೀಡದೆ ಹಿಂದೆ ಸರಿಯುವುದು ಹಾಗೂ ಅಂಕಪಟ್ಟಿಯನ್ನು ಒಡೆಯರಿಗೆ ತೋರಿಸುವುದು ಉತ್ತಮ ಸಂಪ್ರದಾಯ. ಇವೆರಡಕ್ಕೂ ಹಣ ಖರ್ಚಾಗುವುದಿಲ್ಲ.

ಪರೀಕ್ಷೆಯಾಗದ ಊರ ಹೋರಿಯಿಂದ ಗರ್ಭ ಕಟ್ಟಿಸುವುದರಲ್ಲಿ ತಳಿಗುಣಕ್ಕಿಂತ ರೋಗದ ಅಪಾಯವೇ ಹೆಚ್ಚಿನದು. ಬ್ರುಸೆಲ್ಲೋಸಿಸ್ ಜಾನುವಾರಿನಿಂದ ಮನುಷ್ಯರಿಗೂ ತಗಲುವ ರೋಗ. ಮಲೆನಾಡು ಗಿಡ್ಡ ಸಾಕುವವರು ಸ್ವಂತ ಹೋರಿಯನ್ನೇ ಬಳಸುವುದು ರೂಢಿಯಲ್ಲಿದೆ. ಅಂತಹವರು ಹೋರಿಯ ರಕ್ತ ಪರೀಕ್ಷೆಗಾಗಿ ಸಮೀಪದ ಪಶು ವೈದ್ಯಾಧಿಕಾರಿಯವರನ್ನು ಸಂಪರ್ಕಿಸುವುದು ಸೂಕ್ತ.

ಗಂಡುಕರು ನೀಡಬಯಸುವ ರೈತರಿಗೆ

ಸಂತತಿ ಪರೀಕ್ಷೆ ಮತ್ತು ವಂಶಾವಳಿ ಆಯ್ಕೆಯ ಯೋಜನೆಗಳು ನಡೆಯುವ ಪ್ರದೇಶಗಳಲ್ಲಿ ಅರ್ಹ ಗಂಡುಕರುಗಳನ್ನು ರೈತರಿಂದಲೇ ಖರೀದಿಸಲಾಗುತ್ತದೆ. ಇದಕ್ಕೆ ತಾಯಿ ಹಸುವಿಗೆ 12 ಅಂಕಿಗಳ ಕಿವಿಯೋಲೆ ಇರಬೇಕು. ಗರ್ಭಧಾರಣೆ ಮತ್ತು ಹಾಲಿನ ಅಳತೆ ಅದೇ ಸಂಖ್ಯೆಯಲ್ಲಿ ದಾಖಲಾಗಿರಬೇಕು. ಕರುವಿನ ತಂದೆ ದಾಖಲೆಯಲ್ಲಿರುವ ಹೋರಿಯೇ ಎಂಬುದನ್ನು ಡಿಎನ್‌ಎ ಪರೀಕ್ಷೆಯಿಂದ ನೋಡಲಾಗುತ್ತದೆ. ನೋಡಲು ಲಕ್ಷಣವಾದ ಕರು ತಿರಸ್ಕೃತವಾದಾಗ ಪ್ರಭಾವಿಗಳ ಕೈವಾಡವನ್ನು ಶಂಕಿಸುವುದುಂಟು. ತಂದೆಯ ಗುರುತು ಹೊಂದಾಣಿಕೆಯಾಗದಿರುವುದು, ರೋಗ ಪರೀಕ್ಷೆಯಲ್ಲಿ ವಿಫಲವಾಗುವುದು ಅಥವಾ ತಾಯಿಯ ಇಳುವರಿ ಅಳತೆಯಾಗದೇ ಉಳಿದಿರುವುದು ಕೂಡ ಕಾರಣವಾಗಿರಬಹುದು. ಕಾರಣ ಯಾವುದೇ ಇರಲಿ, ಅದನ್ನು ಲಿಖಿತವಾಗಿ ತಿಳಿಸದಿದ್ದಲ್ಲಿ ಶಂಕೆ ನಿವಾರಣೆಯಾಗುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಡಿ) ಪ್ರಕಾರ, ಸಾರ್ವಜನಿಕ ಪ್ರಾಧಿಕಾರವು ತನ್ನ ಆಡಳಿತಾತ್ಮಕ ನಿರ್ಣಯಕ್ಕೆ ಕಾರಣಗಳನ್ನು ಬಾಧಿತ ವ್ಯಕ್ತಿಗೆ ಒದಗಿಸತಕ್ಕದ್ದು. ಇದು ಕೇಳಿದವರಿಗೆ ತೋರುವ ಔದಾರ್ಯವಲ್ಲ, ಪ್ರಾಧಿಕಾರದ ಕರ್ತವ್ಯ.

ಮಾಹಿತಿಯನ್ನು ಕೇಳುವ ವಿಧಾನ

ಗರ್ಭಧಾರಣೆಯ ಸಮಯದಲ್ಲಿ ನಳಿಕೆಯ ಮೇಲೆ ಮುದ್ರಿತವಾಗಿರುವ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಸಂಕೇತ ಮತ್ತು ದಿನಾಂಕವನ್ನು ಪಶುಪಾಲಕರು ಬರೆದಿಟ್ಟುಕೊಳ್ಳುವುದು. ಬಳಸಿದ ಖಾಲಿ ನಳಿಕೆಯನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಹೋರಿಯ ಸಂಖ್ಯೆ ಇಲ್ಲದಿದ್ದಲ್ಲಿ ಮುಂದಿನ ಯಾವ ವಿಚಾರಣೆಯೂ ಸಾಧ್ಯವಾಗುವುದಿಲ್ಲ. ಅಲ್ಲದೆ, ಮುಂದೆ ಅದೇ ಹೋರಿಯ ವೀರ್ಯವನ್ನು ಅದರ ಮಗಳಿಗೇ ಬಳಸುವ ತಪ್ಪು ಸಂಭವಿಸಬಹುದು.

ಹೋರಿಯ ತಾಯಿಯ ಇಳುವರಿ, ತಳಿ ಅಂದಾಜು, ನಿಖರತೆ ಮತ್ತು ರೋಗ ಪರೀಕ್ಷೆಗಳ ವಿವರವನ್ನು ಮೊದಲು ಪಶು ವೈದ್ಯಾಧಿಕಾರಿಯವರಲ್ಲಿ ಮೌಖಿಕವಾಗಿ ಕೇಳಬಹುದು. ಬಹಳಷ್ಟು ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ದೊರೆಯದಿದ್ದಲ್ಲಿ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದುದರಿಂದ ‘ಎಲ್ಲಾ ಹೋರಿಗಳ ಎಲ್ಲಾ ದಾಖಲೆ’ ಎಂದು ಕೇಳುವ ಬದಲು ಹೋರಿಯ ಸಂಖ್ಯೆಯನ್ನು ನಮೂದಿಸಿ ನಿರ್ದಿಷ್ಟ ದಾಖಲೆಯ ಪ್ರತಿಯನ್ನು ಕೋರುವುದು ಒಳಿತು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಅತೃಪ್ತಿಕರವಾಗಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲನೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅದರ ಆದೇಶದಿಂದಲೂ ಬಾಧಿತರಾದಲ್ಲಿ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯ ಒಂದು ಪ್ರತಿ ಮತ್ತು ಸ್ವೀಕೃತಿಯನ್ನು ಅರ್ಜಿದಾರರು ತಮ್ಮಲ್ಲಿ ಇರಿಸಿಕೊಳ್ಳತಕ್ಕದ್ದು.