ಹೊರಗೋಡೆಯ ಸ್ವಿಚ್ಚು



ವೈದ್ಯನಾದವನು ವಿದ್ಯುತ್ತಿನ ವಿಷಯವಾಗಿ ಉಪನ್ಯಾಸ ಮಾಡುವುದು ಅಧಿಕಪ್ರಸಂಗವೆಂದು ಈ ಸಭೆಯಲ್ಲಿರುವ ಎಂಜಿನಿಯರ್ ಮಿತ್ರರು ಭಾವಿಸಿದರೆ ನಾನು ಆಕ್ಷೇಪಿಸಲಾರೆ. ಈ ವಿಷಯ ನನ್ನ ಪಾಲಿಗೆ ಬಂದದ್ದು ಹೀಗೆ. ಮನೆಯ ಮಾಡಿನ ಮೇಲೆ ಸೌರಫಲಕಗಳನ್ನೂ ಗ್ಯಾರೇಜಿನಲ್ಲಿ ಬ್ಯಾಟರಿಯನ್ನೂ ಹಾಕಿಸಿದಾಗ, ಕೆಲಸದವರು ಹೊರಗೋಡೆಯ ಮೇಲೆ, ಮೀಟರಿನ ಪಕ್ಕದಲ್ಲಿ, ಕೆಂಪು ಚೀಟಿ ಅಂಟಿಸಿದ ಬೂದುಬಣ್ಣದ ಪೆಟ್ಟಿಗೆಗಳನ್ನು ಸಾಲಾಗಿ ಬಿಗಿದು ಹೋದರು. "ದಾರಿಹೋಕರು ಯಾರು ಬೇಕಾದರೂ ಬಂದು ನಮ್ಮ ಮನೆಯ ದೀಪ ಆರಿಸಲಿ ಎಂದು ನಾವೇ ದುಡ್ಡು ಕೊಟ್ಟು ಸ್ವಿಚ್ಚು ಹಾಕಿಸಬೇಕೇ?" ಎಂದು ನನ್ನ ಮನೆಯವರು ಕೇಳಿದರು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ದೊರೆತದ್ದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ನಮ್ಮಲ್ಲಿ ಅನೇಕರು ಊರಿನಲ್ಲಿ ಕಂಡ ದೃಶ್ಯವೊಂದನ್ನು ನೆನಪಿಸಿಕೊಳ್ಳೋಣ. ರಿಪೇರಿಗೆ ಬಂದ ಲೈನ್‌ಮನ್ ಕಂಬ ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಬಳಿಯ ಫ್ಯೂಸನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹುಡುಗರಾದ ನಮಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಅದರಲ್ಲಿ ಅಡಗಿದ್ದುದು ಸರಳವಾದ ಜಾಣತನ: ಫ್ಯೂಸು ತನ್ನ ಜೇಬಿನಲ್ಲಿರುವ ತನಕ ಕೆಳಗಿನವರು ಯಾರೂ ಅವಸರಪಟ್ಟು ಕರೆಂಟು ಕೊಡಲಾರರು. ಅಮೆರಿಕದ ವಿದ್ಯುತ್ ಸಂಸ್ಥೆಗಳು ಸೌರಮನೆಗಳಿಂದ ಮೊದಲು ಕೇಳಿದ ಹೊರಗಿನ ಸ್ವಿಚ್ಚು ಈ ಜೇಬಿನದೇ ಇನ್ನೊಂದು ರೂಪ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ದೇಶದ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಅಂದರೆ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್, ಮೊದಲು ಪ್ರಕಟವಾದದ್ದು 1897ರಲ್ಲಿ. ಅದರ ಹಿಂದೆ ಇದ್ದವರಲ್ಲಿ ವಿಮಾ ಸಂಸ್ಥೆಗಳವರು ಪ್ರಮುಖರು. ಸುಟ್ಟ ಕಟ್ಟಡಗಳಿಗೆ ಹಣ ಕೊಡಬೇಕಾಗಿದ್ದವರು ಅವರೇ ತಾನೆ! 1911ರಿಂದ ಸಂಹಿತೆಯ ಹೊಣೆ ಎನ್.ಎಫ್.ಪಿ.ಎ. ಎಂಬ ಅಗ್ನಿರಕ್ಷಣಾ ಸಂಘದ್ದು. ಆ ಕಾಲದ ನಿಯಮಗಳೆಲ್ಲ ಒಂದು ಅರ್ಥವಾಗಿಯೇ ಇದ್ದ ಮಾತಿನ ಮೇಲೆ ನಿಂತಿದ್ದವು: ವಿದ್ಯುತ್ತು ಬೀದಿಯಿಂದ ಮನೆಗೆ ಬರುತ್ತದೆ, ಮನೆಯಿಂದ ಬೀದಿಗೆ ಹೋಗುವುದಿಲ್ಲ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಹೊರಟ ಎಡಿಸನ್ನನ ವಿದ್ಯುತ್ತಾಗಲಿ, 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಾಗಲಿ ಹರಿದದ್ದು ಒಂದೇ ದಿಕ್ಕಿಗೆ. ಆದ್ದರಿಂದ ಮೇನ್ ಸ್ವಿಚ್ಚು ಮನೆಯ ಹೊರಗಿರಬಹುದು, ಇಲ್ಲವೇ ತಂತಿಯು ಒಳಬರುವ ಜಾಗಕ್ಕೆ ಅತಿ ಸಮೀಪದಲ್ಲಿ ಒಳಗಿರಬಹುದು ಎಂದು ಸಂಹಿತೆ ಬಹುಕಾಲ ಹೇಳುತ್ತಿತ್ತು. ಹಳೆಯ ಮನೆಗಳನ್ನು ಕೊಂಡವರಿಗೆ ನೆಲಮಾಳಿಗೆಯ ಮೂಲೆಯಲ್ಲಿರುವ ಆ ಪೆಟ್ಟಿಗೆಯ ಪರಿಚಯವಿದ್ದೇ ಇದೆ.

1954ರಲ್ಲಿ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿದರು. 1978ರಲ್ಲಿ ಅಮೆರಿಕದ ಸಂಸತ್ತು, ಸಣ್ಣ ಉತ್ಪಾದಕರಿಂದ ವಿದ್ಯುತ್ತನ್ನು ಕೊಳ್ಳುವುದು ವಿದ್ಯುತ್ ಸಂಸ್ಥೆಗಳ ಕರ್ತವ್ಯವೆಂದು ಕಾನೂನು ಮಾಡಿತು. 1984ರ ಸಂಹಿತೆಯಲ್ಲಿ ಸೌರವಿದ್ಯುತ್ತಿಗೆಂದೇ 690ನೆಯ ಪ್ರಕರಣ ಸೇರಿತು. ಒಂದೇ ದಿಕ್ಕಿನ ಹರಿವಿನ ಕಾಲ ಅಲ್ಲಿಗೆ ಮುಗಿಯಿತು.

ಲೈನ್‌ಮನ್‌ಗಳಿಗೆ ಭಯ ಹುಟ್ಟಿದ್ದು ಆಗ. ಬೀದಿಯ ಟ್ರಾನ್ಸ್‌ಫಾರ್ಮರು ಸಾವಿರಾರು ವೋಲ್ಟುಗಳನ್ನು ಇಳಿಸಿ ಮನೆಗೆ 240 ವೋಲ್ಟು ಕೊಡುತ್ತದೆಯಷ್ಟೆ. ಮನೆಯ ಕಡೆಯಿಂದ 240 ವೋಲ್ಟು ನುಗ್ಗಿದರೆ ಅದೇ ಯಂತ್ರ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ತಂತಿಗೆ ಕೊಟ್ಟೀತು. ಬಿರುಗಾಳಿಯಲ್ಲಿ ಕರೆಂಟು ಹೋಗಿದೆ, ತಂತಿ ನಿರ್ಜೀವವಾಗಿದೆ ಎಂದು ನಂಬಿ ಮುಟ್ಟಿದವನ ಗತಿ ಏನು? ಆದುದರಿಂದ ಮೀಟರಿನ ಸಮೀಪದಲ್ಲಿ, ಹೊರಗಡೆ, ಸಂಪರ್ಕ ಕಡಿದಿರುವುದು ಕಣ್ಣಿಗೆ ಕಾಣುವಂಥ, ಬೀಗ ಹಾಕಬಹುದಾದ ಸ್ವಿಚ್ಚು ಬೇಕೆಂದು ಅನೇಕ ವಿದ್ಯುತ್ ಸಂಸ್ಥೆಗಳು ಷರತ್ತು ಹಾಕಿದವು.

ಆದರೆ ಇನ್‌ವರ್ಟರುಗಳು ಬುದ್ಧಿ ಕಲಿತವು. 1999ರ ಯು.ಎಲ್. 1741 ಮತ್ತು 2003ರ ಐ.ಇ.ಇ.ಇ. 1547 ಎಂಬ ಮಾನದಂಡಗಳ ಪ್ರಕಾರ, ಬೀದಿಯ ವಿದ್ಯುತ್ತು ನಿಂತ ಕೂಡಲೇ, ಹೆಚ್ಚೆಂದರೆ ಎರಡು ಸೆಕೆಂಡುಗಳೊಳಗೆ, ಇನ್‌ವರ್ಟರು ತಾನಾಗಿಯೇ ಬೀದಿಗೆ ವಿದ್ಯುತ್ತು ಕೊಡುವುದನ್ನು ನಿಲ್ಲಿಸಬೇಕು. ಹಾಗಿದ್ದ ಮೇಲೆ ಸ್ವಿಚ್ಚು ಏತಕ್ಕೆ? ಸಾವಿರಾರು ಮನೆಗಳಿರುವ ಊರಿನಲ್ಲಿ ಲೈನ್‌ಮನ್ ಪ್ರತಿಯೊಂದು ಮನೆಯ ಹಿತ್ತಲಿಗೂ ಹೋಗಿ ಸ್ವಿಚ್ಚು ತಿರುಗಿಸುವನೇ? ಉತ್ತರ ಕ್ಯಾಲಿಫೋರ್ನಿಯದ ಪಿ.ಜಿ. ಅಂಡ್ ಇ. ಸಂಸ್ಥೆ 2006ರಲ್ಲಿ ಸಣ್ಣ ಸೌರಮನೆಗಳಿಗೆ ಈ ಷರತ್ತನ್ನು ಕೈಬಿಟ್ಟಿತು. ಅಗತ್ಯ ಬಿದ್ದರೆ ಮೀಟರನ್ನೇ ಕಿತ್ತರಾಯಿತು ಎಂಬುದು ಅದರ ಹಿಂದಿನ ತರ್ಕ. 2008ರಲ್ಲಿ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ವರದಿಯೊಂದು ಈ ಸ್ವಿಚ್ಚಿನ ಸಮರ್ಥನೆಯನ್ನೇ ಪ್ರಶ್ನಿಸಿತು. ಲೈನ್‌ಮನ್‌ನ ಮಟ್ಟಿಗೆ ಈ ವಾದ ಸರಿಯೆಂದೇ ನನ್ನ ಅಭಿಪ್ರಾಯ. ಇತಿಹಾಸ ಇಲ್ಲಿಗೇ ನಿಂತಿದ್ದರೆ ನನ್ನ ಮನೆಯವರ ಪ್ರಶ್ನೆಗೂ ಅವಕಾಶವಿರುತ್ತಿರಲಿಲ್ಲ.

ಲೈನ್‌ಮನ್ ಹಿಂದೆ ಸರಿದ ಬಾಗಿಲಲ್ಲಿ ಅಗ್ನಿಶಾಮಕ ದಳದವನು ಬಂದು ನಿಂತ. ಅವನ ಕಷ್ಟ ಬೇರೆಯದು. ಅವನು ನೀರು ಚಿಮ್ಮಬೇಕು; ಹೊಗೆ ಹೊರಬಿಡಲು ಕೊಡಲಿ, ಗರಗಸ ಹಿಡಿದು ಮಾಡನ್ನು ಕಡಿಯಬೇಕು. ಬೀದಿಯ ಸಂಪರ್ಕ ತಪ್ಪಿಸಿದರೆ ಮನೆ ನಿರ್ಜೀವವಾಗುತ್ತದೆ ಎಂಬ ಅವನ ಹಳೆಯ ಪಾಠ ಸೌರಮನೆಯಲ್ಲಿ ಸುಳ್ಳಾಯಿತು. ಇನ್‌ವರ್ಟರು ನಿಂತರೂ ಬಿಸಿಲಿರುವ ತನಕ ಫಲಕಗಳು ವಿದ್ಯುತ್ತನ್ನು ಹುಟ್ಟಿಸುತ್ತಲೇ ಇರುತ್ತವೆ. ಸರಪಣಿಯಂತೆ ಜೋಡಿಸಿದ ಫಲಕಗಳಿಂದ ಇಳಿದುಬರುವ ತಂತಿಯಲ್ಲಿ, ಮನೆಗಳಲ್ಲಿಯೂ, 600 ವೋಲ್ಟುಗಳವರೆಗೆ ಡಿ.ಸಿ. ವಿದ್ಯುತ್ತು ಇರಬಹುದು.

ಇಲ್ಲಿ ವೈದ್ಯನಾಗಿ ಎರಡು ಮಾತು. ವಿದ್ಯುತ್ತು ಸುಡುತ್ತದೆ, ಹೃದಯದ ಲಯ ಕೆಡಿಸುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು. ಅದಕ್ಕಿಂತ ಕ್ರೂರವಾದದ್ದು ಹಿಡಿತ. ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಬೇಕೆಂದರೂ ಬಿಡಲಾಗದ ಸ್ಥಿತಿ ಬರುತ್ತದೆ. ಬರ್ಕ್‌ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಗಂಡಸರು ಬಿಡಿಸಿಕೊಳ್ಳಬಲ್ಲ ಎ.ಸಿ. ವಿದ್ಯುತ್ತಿನ ಸರಾಸರಿ ಮಿತಿ ಸುಮಾರು 16 ಮಿಲಿಆಂಪಿಯರ್, ಹೆಂಗಸರದು ಸುಮಾರು 10.5 ಎಂದು ಕಂಡರು. ನಮ್ಮ ಸ್ನಾನದ ಮನೆಗಳಲ್ಲಿರುವ ಜಿ.ಎಫ್.ಸಿ.ಐ. ಪ್ಲಗ್ಗಿನ ಸಾಧನವನ್ನು ರೂಪಿಸಿದವರೂ ಅವರೇ. ಡಿ.ಸಿ.ಯಲ್ಲಿ ಈ ಮಿತಿ ಹೆಚ್ಚು, ಆದರೆ ಮಾಡಿನ ಮೇಲಿನ ಫಲಕವೊಂದು ಕೊಡುವುದು ಮಿಲಿಆಂಪಿಯರುಗಳಲ್ಲ, ಹಲವು ಆಂಪಿಯರುಗಳು. ಯು.ಎಲ್. ಸಂಸ್ಥೆ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇನ್ನೊಂದು ಅಚ್ಚರಿಯ ಸಂಗತಿ ಹೊರಬಿತ್ತು: ರಾತ್ರಿಯ ಹೊತ್ತು ಅಗ್ನಿಶಾಮಕ ದಳದವರೇ ಹಚ್ಚುವ ದೊಡ್ಡ ದೀಪಗಳ ಬೆಳಕಿನಿಂದಲೂ ಫಲಕಗಳು ಅಪಾಯಕಾರಿ ವಿದ್ಯುತ್ತನ್ನು ಹುಟ್ಟಿಸಬಲ್ಲವು! ಫಲಕಗಳ ಮೇಲೆ ತಾಡಪಾಲು ಹೊದಿಸುವ ಉಪಾಯವೂ ಎಲ್ಲ ಬಗೆಯ ತಾಡಪಾಲಿನಿಂದ ಫಲಿಸಲಿಲ್ಲ.

2013ರ ಸೆಪ್ಟೆಂಬರ್ 1ರಂದು ನ್ಯೂಜೆರ್ಸಿಯ ಡೆಲಾಂಕೊದಲ್ಲಿ ಡೀಟ್ಸ್ ಅಂಡ್ ವಾಟ್ಸನ್ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿತ್ತು. ಅದರ ಮಾಡಿನ ಮೇಲೆ ಏಳು ಸಾವಿರಕ್ಕೂ ಹೆಚ್ಚು ಸೌರಫಲಕಗಳಿದ್ದವು. ದಳದವರು ಮಾಡನ್ನು ಹತ್ತಲಾಗಲಿಲ್ಲ, ಉಗ್ರಾಣ ಉಳಿಯಲಿಲ್ಲ. ಈ ಬೆಂಕಿಯೇ ಹೊಸ ನಿಯಮವನ್ನು ಹುಟ್ಟಿಸಿತೆಂದು ಹೇಳಿಬಿಡುವುದು ಸುಲಭ. ಕಾಲಕ್ರಮ ಅದಕ್ಕೆ ಒಪ್ಪುವುದಿಲ್ಲ. 2014ರ ಸಂಹಿತೆಯ ಶೀಘ್ರ ಸ್ತಂಭನದ ನಿಯಮ, ಅಂದರೆ ರ‍್ಯಾಪಿಡ್ ಶಟ್‌ಡೌನ್, ಆ ದಿನಕ್ಕೆ ಮೊದಲೇ ಸಿದ್ಧವಾಗಿತ್ತು; ಬೆಂಕಿ ಅದರ ಅಗತ್ಯವನ್ನು ಜನರಿಗೆ ಮನಗಾಣಿಸಿತು. 2017ರ ಆವೃತ್ತಿ ಇನ್ನೂ ಬಿಗಿಯಾಯಿತು: ಫಲಕಗಳ ಗುಂಪಿನಿಂದ ಒಂದು ಅಡಿಯಾಚೆ 30 ಸೆಕೆಂಡುಗಳಲ್ಲಿ ವೋಲ್ಟೇಜು 30ಕ್ಕೆ ಇಳಿಯಬೇಕು, 2019ರ ಜನವರಿಯಿಂದ ಗುಂಪಿನ ಒಳಗೂ 80ಕ್ಕೆ ಇಳಿಸುವುದು ನಿಯಮದ ಒಂದು ಮಾರ್ಗವಾಯಿತು. ಈ ಇಳಿಕೆಗೆ ಚಾಲನೆ ಕೊಡುವ ಸ್ವಿಚ್ಚು ಒಂದು ಅಥವಾ ಎರಡು ಸಂಸಾರಗಳ ಮನೆಗಳಲ್ಲಿ ಹೊರಗಡೆ, ಸುಲಭವಾಗಿ ಕೈಗೆ ಸಿಗುವಂತೆ ಇರಬೇಕು.

ಅನಂತರ ಬಂದದ್ದು ಬ್ಯಾಟರಿ. ಅದಕ್ಕೆ ಹಗಲೂ ಬೇಡ, ಬಿಸಿಲೂ ಬೇಡ. 2019ರ ಏಪ್ರಿಲ್ 19ರಂದು ಅರಿಜೋನದ ಸರ್‌ಪ್ರೈಸ್ ಎಂಬ ಊರಿನ ದೊಡ್ಡ ಲಿಥಿಯಂ ಬ್ಯಾಟರಿ ಕೇಂದ್ರದಲ್ಲಿ ಸಂಗ್ರಹಗೊಂಡ ಅನಿಲ ಸಿಡಿದು ನಾಲ್ವರು ಅಗ್ನಿಶಾಮಕರು ತೀವ್ರವಾಗಿ ಗಾಯಗೊಂಡರು. ಅದು ಮನೆಯ ಬ್ಯಾಟರಿಯಲ್ಲ. ಆದರೆ ಒಳಗೆ ನಡೆಯುವ ರಸಾಯನಕ್ರಿಯೆ ಅದೇ ಬಗೆಯದು. 2020ರ ಸಂಹಿತೆಯಲ್ಲಿ ಎರಡು ಮಾತುಗಳು ಸೇರಿದವು. ಮನೆಯ ಬ್ಯಾಟರಿಯನ್ನು ಬೇರ್ಪಡಿಸುವ ಸಾಧನ ಅಥವಾ ಅದರ ದೂರನಿಯಂತ್ರಣ ಹೊರಗಿರಬೇಕು. ಸೌರಫಲಕ ಇರಲಿ ಬಿಡಲಿ, ಹೊಸ ಮನೆಗೆ ಬೀದಿಯ ವಿದ್ಯುತ್ತನ್ನು ಕಡಿಯುವ ತುರ್ತು ಸ್ವಿಚ್ಚೂ ಹೊರಗಿರಬೇಕು. ಉರಿಯುವ ಮನೆಯ ಮೀಟರನ್ನು ಕಿತ್ತು ಕಿಡಿಯ ಜ್ವಾಲೆಗೆ ಮುಖವೊಡ್ಡುವ ಗತಿ ದಳದವರಿಗೆ ಬರಬಾರದಲ್ಲವೇ?

ಈ ಸ್ವಿಚ್ಚು ಏನನ್ನು ಮಾಡಲಾರದೆಂಬುದನ್ನೂ ತಿಳಿದಿರಬೇಕು. ರಕ್ತನಾಳವನ್ನು ಕಟ್ಟಿದರೆ ರಕ್ತಸ್ರಾವ ನಿಲ್ಲುತ್ತದೆ, ಗಾಯ ಮಾಯುವುದಿಲ್ಲ. ಅಂತೆಯೇ ಸ್ವಿಚ್ಚು ಬ್ಯಾಟರಿಯನ್ನು ಮನೆಯ ತಂತಿಗಳಿಂದ ಬೇರ್ಪಡಿಸುತ್ತದೆ. ಒಳಗೆ ತುಂಬಿರುವ ಶಕ್ತಿ ಅಲ್ಲಿಯೇ ಉಳಿದಿರುತ್ತದೆ. ಬ್ಯಾಟರಿ ತಾನೇ ಕುದಿಯತೊಡಗಿದರೆ ಸ್ವಿಚ್ಚಿನಿಂದ ಅದು ಆರುವುದಿಲ್ಲ. ಆಗ ಮನೆಯವರೆಲ್ಲ ಹೊರಗೆ ಬಂದು 911ಕ್ಕೆ ಕರೆ ಮಾಡಿ, ಬ್ಯಾಟರಿ ಇದೆಯೆಂಬ ಸಂಗತಿಯನ್ನು ಮೊದಲು ತಿಳಿಸಬೇಕು.

ಇನ್ನು ದಾರಿಹೋಕರ ಪ್ರಶ್ನೆ. ಸಂಹಿತೆಯ ಪ್ರಕಾರ "ಸುಲಭವಾಗಿ ಕೈಗೆ ಸಿಗುವ" ಎಂದರೆ ಸಲಕರಣೆಗಳಿಲ್ಲದೆ ತಲುಪಬಹುದಾದದ್ದು; ಬೀಗದ ಕೈಯನ್ನು ಮಾತ್ರ ಸಲಕರಣೆಯೆಂದು ಎಣಿಸುವುದಿಲ್ಲ. ಆದರೆ ಬೀಗ ಹಾಕಲು ಬಿಡುವುದೂ ಬಿಡದಿರುವುದೂ ಸ್ಥಳೀಯ ಅಧಿಕಾರಿಗಳಿಗೆ ಸೇರಿದ್ದು. ಸಂಹಿತೆ ಮೂರು ವರ್ಷಕ್ಕೊಮ್ಮೆ ಹೊಸದಾಗುತ್ತದೆ, ರಾಜ್ಯಗಳು ತಮಗೆ ತೋಚಿದಾಗ ಅದನ್ನು ಅಂಗೀಕರಿಸುತ್ತವೆ. ಆದ್ದರಿಂದ ನಿಮ್ಮ ಊರಿನಲ್ಲಿ ಯಾವ ವರ್ಷದ ಆವೃತ್ತಿ ಜಾರಿಯಲ್ಲಿದೆಯೆಂದು ಪರ್ಮಿಟ್ಟಿನ ಕಚೇರಿಯಲ್ಲಿಯೇ ಕೇಳಬೇಕು. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಅವಲಂಬಿಸಿರುವ ಹಿರಿಯರಿದ್ದು, ಅವರಿಗಾಗಿಯೇ ಬ್ಯಾಟರಿ ಹಾಕಿಸಿದವರು ಬೀಗದ ಮಾತನ್ನು ಕೆಲಸ ಆರಂಭವಾಗುವ ಮೊದಲೇ ಎತ್ತಬೇಕು. ಬ್ಯಾಟರಿಯಿದ್ದರೂ ಒಂದು ಆಮ್ಲಜನಕದ ಸಿಲಿಂಡರನ್ನು ಇಟ್ಟುಕೊಂಡಿರಬೇಕು.

ಇಷ್ಟನ್ನೂ ಮನೆಯಲ್ಲಿ ವಿವರಿಸಿದಾಗ ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಪೆಟ್ಟಿಗೆಗಳು ಕಾಣದಿರಲೆಂದು ಅವುಗಳ ಮುಂದೆ ನೆಟ್ಟಿದ್ದ ದಾಸವಾಳದ ಗಿಡಗಳನ್ನು ಮರುವಾರ ತಾವೇ ಅಗೆದು, ಮೂರು ಅಡಿ ಜಾಗ ಬಿಟ್ಟು, ಬೇಲಿಯ ಪಕ್ಕಕ್ಕೆ ಸಾಗಿಸಿದರು.